ಪೈಗಂಬರರ ನಾಮಗಳು: ಅವುಗಳ ಮೂಲವೂ ಅರ್ಥವೂ



ಧಾರವಾಡದಿಂದ ಬೆಳಗಾವಿಯ ಕಡೆಗೆ ಸಾಗುವ ಹೆದ್ದಾರಿಯ ಮಗ್ಗುಲಲ್ಲಿ ಬೇಲೂರು ಕೈಗಾರಿಕಾ ಪ್ರದೇಶವಿರುವುದು. ಹಿಂದೆ ಹೊಲಗಳಿದ್ದ ನೆಲದಲ್ಲಿ ಇಂದು ಕಾರಖಾನೆಗಳು ಎದ್ದು ನಿಂತಿವೆ. ಸುತ್ತಣ ಗ್ರಾಮಗಳಿಂದಲೂ ಹುಬ್ಬಳ್ಳಿ-ಧಾರವಾಡಗಳಿಂದಲೂ ದುಡಿಯುವ ಜನರು ತಮ್ಮ ತಮ್ಮ ಪಾಳಿಯ ವೇಳೆಗೆ ಅಲ್ಲಿಗೆ ಹೋಗಿಬರುವರು. ಇಂತಹ ಎಡೆಯ ಹಾಜರಿ ಪುಸ್ತಕದಲ್ಲಿ ಯಾವ ಬಗೆಯ ಹೆಸರುಗಳಿರುವವೆಂಬುದನ್ನು ಈ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಬಸವರಾಜ, ಮಡಿವಾಳಪ್ಪ, ಸಂಗಪ್ಪ, ಫಕೀರಪ್ಪ ಎಂಬ ಹೆಸರುಗಳ ನಡುವೆಯೇ ಇಬ್ರಾಹಿಮ, ಯೂಸುಫ, ಮೂಸಾ, ಸುಲೇಮಾನ ಎಂಬ ಹೆಸರುಗಳು ಕೂಡಿಕೊಂಡಿರುತ್ತವೆ. ಮಡಿವಾಳಪ್ಪನೆಂದು ಕರೆದೊಡನೆ ಗರಗದ ಮಡಿವಾಳೇಶ್ವರರ ಗದ್ದುಗೆಯು ಭಕ್ತರ ಮನಸ್ಸಿನಲ್ಲಿ ಮೂಡುವುದು. ಬಸವರಾಜನೆಂದೊಡನೆ ಕಲ್ಯಾಣವೇ ನೆನಪಾಗುವುದು. ಆದರೆ ಇಬ್ರಾಹಿಮನೆಂದಾಗ, ಮೂಸಾ ಎಂದಾಗ ಪಕ್ಕದಲ್ಲಿ ನಿಂತವನ ಕಿವಿಗೆ ಬೀಳುವುದು ಬಹುಮಟ್ಟಿಗೆ ಒಂದು ಜಾತಿಯ ಗುರುತು ಮಾತ್ರವಾಗಿರುತ್ತದೆ. ಹತ್ತು ವರುಷ ಒಂದೇ ಯಂತ್ರದ ಎದುರುಬದುರಿಗೆ ನಿಂತು ದುಡಿದವನ ಹೆಸರಿಗೆ ಅರ್ಥವೇನೆಂದು ಕೇಳುವ ಪ್ರಸಂಗವೇ ಒದಗುವುದಿಲ್ಲ.

ಈ ಅಜ್ಞಾನವು ಒಂದು ಬಗೆಯದು. ಇದಕ್ಕೆ ಎದುರಾದ ಇನ್ನೊಂದು ಬಗೆಯೂ ಉಂಟು. ಅದು ಪ್ರೀತಿಯಿಂದ ಹುಟ್ಟಿದುದಾದರೂ ಅಜ್ಞಾನವೇ ಸರಿ. ಇಬ್ರಾಹಿಮನೆಂದರೆ ಬ್ರಹ್ಮನೇ, ಅಲ್ಲಮನೆಂದರೆ ಅಲ್ಲಾಹನೇ ಎಂದು ಧ್ವನಿಯ ಹೋಲಿಕೆಯ ಮೇಲೆಯೇ ಸಮನ್ವಯವನ್ನು ಕಟ್ಟುವವರು ಮಠಗಳ ಅಂಗಳದಲ್ಲಿಯೂ ದೊರೆಯುವರು. ಸದುದ್ದೇಶದಿಂದ ಆಡಿದ ಮಾತೆಂದು ಸಭೆಯು ಚಪ್ಪಾಳೆ ತಟ್ಟುವುದೂ ಉಂಟು. ಆದರೆ ಟೊಳ್ಳು ಕಂಬದ ಮೇಲೆ ಮಾಳಿಗೆಯನ್ನು ನಿಲ್ಲಿಸಿದಲ್ಲಿ ಕಂಬ ಮುರಿದ ದಿನ ಮಾಳಿಗೆಯೂ ಬೀಳುವುದು. ನಾಳೆ ಯಾವನಾದರೂ ತಿಳಿದವನು ಬಂದು ‘ಈ ಶಬ್ದಗಳಿಗೆ ಸಂಬಂಧವಿಲ್ಲ’ವೆಂದು ತೋರಿಸಿಕೊಟ್ಟರೆ, ಕೇಳಿದವರು ‘ಹಾಗಾದರೆ ಜನರಿಗೂ ಸಂಬಂಧವಿಲ್ಲ’ವೆಂದು ಭಾವಿಸಬಾರದಷ್ಟೆ. ಆದಕಾರಣ ಈ ಹೆಸರುಗಳ ನಿಜವಾದ ಮೂಲವನ್ನು ಅರಿಯುವುದು ಅವಶ್ಯವಾಗಿರುತ್ತದೆ.

ಮೊದಲು ‘ಪೈಗಂಬರ’ ಎಂಬ ಶಬ್ದವನ್ನೇ ನೋಡತಕ್ಕದ್ದು. ಇದು ಅರಬ್ಬೀ ಶಬ್ದವಲ್ಲ, ಪಾರಸಿಯದು. ‘ಪೈಗಾಮ’ ಎಂದರೆ ಸಂದೇಶ, ‘ಬರ’ ಎಂದರೆ ಹೊತ್ತು ತರುವವನು. ಅರಬ್ಬಿಯಲ್ಲಿ ಇದಕ್ಕೆ ಎರಡು ಶಬ್ದಗಳುಂಟು. ‘ನಬೀ’ ಎಂದರೆ ದೇವರ ವಾರ್ತೆಯನ್ನು ಸಾರುವವನು. ‘ರಸೂಲ’ ಎಂದರೆ ಕಳುಹಿಸಲ್ಪಟ್ಟವನು. ಈ ಸೀಮೆಯ ಹಳ್ಳಿಗಳಲ್ಲಿ ನಬೀಸಾಬ, ರಸೂಲಸಾಬ ಎಂಬವರು ಎಷ್ಟೋ ಮಂದಿ ಇರುವರು. ಈ ಹೆಸರಿನ ಬಾಲವಾದ ‘ಸಾಬ’ ಎಂಬುದೂ ಅರಬ್ಬಿಯ ‘ಸಾಹಿಬ’ ಎಂಬುದರ ರೂಪವೇ. ಅದರ ಮೊದಲ ಅರ್ಥ ಸಂಗಾತಿ ಎಂದು. ಇಲ್ಲಿ ಒಂದು ಸಂಗತಿಯನ್ನು ಲಕ್ಷ್ಯದಲ್ಲಿಡಬೇಕು. ಇಸ್ಲಾಮಿನಲ್ಲಿ ಪೈಗಂಬರರು ಅವತಾರಪುರುಷರಲ್ಲ. ಉಂಡು, ದುಡಿದು, ಮಕ್ಕಳನ್ನು ಹೆತ್ತು, ದುಃಖಪಟ್ಟು, ಕಾಲವಾದ ಮನುಷ್ಯರು. ಆದುದರಿಂದ ಅವರ ಹೆಸರುಗಳು ದೇವರ ಹೆಸರುಗಳಲ್ಲ. ತಾಯ್ತಂದೆಗಳು ಮಕ್ಕಳಿಗೆ ಇಟ್ಟ ಹೆಸರುಗಳು. ಅವುಗಳ ಸೊಗಸು ಇರುವುದು ಈ ಮನುಷ್ಯತ್ವದಲ್ಲಿಯೇ. ಆ ಹೆಸರನ್ನು ಉಚ್ಚರಿಸಿದಾಗಲೆಲ್ಲ ‘ಅಲೈಹಿಸ್ಸಲಾಂ’, ಎಂದರೆ ಅವರಿಗೆ ಶಾಂತಿಯಾಗಲೆಂದು, ಸೇರಿಸಿ ಹೇಳುವುದು ನಿಷ್ಠಾವಂತ ಮುಸಲ್ಮಾನರ ವಾಡಿಕೆ.

ಖುರಾನಿನಲ್ಲಿ ಹೆಸರು ಹೇಳಿ ಸ್ಮರಿಸಿದ ಪೈಗಂಬರರು ಸಾಮಾನ್ಯವಾದ ಎಣಿಕೆಯಂತೆ 25 ಮಂದಿ. ಆದಮನಿಂದ ಮೊದಲಾಗಿ ಮುಹಮ್ಮದರವರೆಗೆ ಈ ಸಾಲು ನಡೆಯುವುದು. ಗ್ರಂಥದ 114 ಅಧ್ಯಾಯಗಳಲ್ಲಿ ಆರಕ್ಕೆ ಪೈಗಂಬರರ ನಾಮಗಳೇ ಶೀರ್ಷಿಕೆಗಳಾಗಿವೆ: ಯೂನುಸ, ಹೂದ, ಯೂಸುಫ, ಇಬ್ರಾಹೀಮ, ಮುಹಮ್ಮದ, ನೂಹ. ಎಲ್ಲರಿಗಿಂತ ಹೆಚ್ಚು ಸಲ ಬರುವ ಹೆಸರು ಮುಹಮ್ಮದರದೇ ಇರಬೇಕೆಂದು ಹೊರಗಿನವರು ಊಹಿಸುವರು. ಹಾಗಿಲ್ಲ. ಮುಹಮ್ಮದ ಎಂಬ ಹೆಸರು ನಾಲ್ಕು ಸಲ, ಅಹಮದ ಎಂಬ ರೂಪದಲ್ಲಿ ಒಂದು ಸಲ ಬರುವುದು. ಮೂಸಾನ ಹೆಸರಾದರೋ ನೂರಮೂವತ್ತಕ್ಕೂ ಮಿಕ್ಕಿ ಬರುವುದು. ಯಹೂದ್ಯರನ್ನು ಈಜಿಪ್ತ ದೇಶದ ದಾಸ್ಯದಿಂದ ಹೊರತಂದ ಆ ಹಿರಿಯನೇ ಖುರಾನಿನಲ್ಲಿ ಅತ್ಯಂತ ಹೆಚ್ಚಾಗಿ ಸ್ಮರಿಸಲ್ಪಟ್ಟ ಮನುಷ್ಯನು.

ಈ ಹೆಸರುಗಳಲ್ಲಿ ಅರಬ್ಬಿಯವು ಎಷ್ಟು? ಬಾಗದಾದಿನ ಅಲ್-ಜವಾಲೀಕೀ ಎಂಬ ಭಾಷಾಪಂಡಿತನು ಅರಬ್ಬಿಯಲ್ಲಿ ಸೇರಿಹೋದ ಪರಭಾಷಾ ಶಬ್ದಗಳನ್ನು ಕುರಿತು ಒಂದು ಗ್ರಂಥವನ್ನು ಬರೆದಿರುವನು. ಅವನು ತೀರಿಕೊಂಡದ್ದು 1144ರ ಸುಮಾರಿಗೆ. ಎಂದರೆ ಕಲ್ಯಾಣದ ಶರಣರು ಬಾಳಿದ ಶತಮಾನವೇ ಅವನದೂ. ಅವನ ನಿರ್ಣಯವಿದು: ಆದಮ, ಸಾಲಿಹ, ಶುಐಬ, ಮುಹಮ್ಮದ ಎಂಬ ನಾಲ್ವರ ಹೊರತು ಪೈಗಂಬರರ ಹೆಸರುಗಳೆಲ್ಲವೂ ಪರಭಾಷೆಯವು. ದೇವರ ವಾಣಿಯೆಂದು ತಾವು ನಂಬಿದ ಗ್ರಂಥದಲ್ಲಿ ಪರಭಾಷೆಯ ಹೆಸರುಗಳುಂಟೆಂದು ಹೇಳುವುದಕ್ಕೆ ಆ ಕಾಲದ ಶ್ರದ್ಧಾವಂತ ಪಂಡಿತನೊಬ್ಬನು ಸಂಕೋಚಪಡಲಿಲ್ಲವೆಂಬುದು ಗಮನಾರ್ಹವಾದುದು.

ಅರಬ್ಬೀ ವ್ಯಾಕರಣವಂತೂ ಇದನ್ನು ಪ್ರತಿಯೊಂದು ವಾಕ್ಯದಲ್ಲಿಯೂ ನೆನಪಿಸುತ್ತಿರುತ್ತದೆ. ಆ ಭಾಷೆಯಲ್ಲಿ ನಾಮಪದಗಳ ಕೊನೆಗೆ ಅನುನಾಸಿಕವಾದ ಒಂದು ‘ನ್’ ಧ್ವನಿ ಸೇರುವುದುಂಟು. ಮುಹಮ್ಮದುನ್, ಸಾಲಿಹುನ್, ಶುಐಬುನ್ ಎಂದು ಸ್ವಂತ ಮನೆಯ ಹೆಸರುಗಳಿಗೆ ಅದು ಸಲ್ಲುವುದು. ಇಬ್ರಾಹೀಮು, ಯೂಸುಫು, ಯಾಕೂಬು ಎಂಬ ಪರದೇಶದ ಹೆಸರುಗಳಿಗೆ ಅದು ಸಲ್ಲದು. ನೂಹ, ಲೂತ ಎಂಬವು ಪರಭಾಷೆಯವಾದರೂ ಮೂರೇ ಅಕ್ಷರದ ಚಿಕ್ಕ ಹೆಸರುಗಳಾದ್ದರಿಂದ ಅವಕ್ಕೆ ರಿಯಾಯಿತಿ ದೊರೆತಿದೆ. ಸಾವಿರಾರು ವರುಷಗಳಿಂದ ಮನೆಯಲ್ಲಿಯೇ ಇದ್ದರೂ ಅತಿಥಿಯನ್ನು ಅತಿಥಿಯೆಂದೇ ನೆನೆಯುವ ಈ ಪದ್ಧತಿಯನ್ನು ಕಂಡಾಗ ಕನ್ನಡ ವ್ಯಾಕರಣವನ್ನು ಓದಿದವರಿಗೆ ಕೇಶಿರಾಜನು ನೆನಪಾಗದೆ ಇರನು. ಅವನು 13ನೆಯ ಶತಮಾನದ ತನ್ನ ಶಬ್ದಮಣಿದರ್ಪಣದಲ್ಲಿ, ಸಂಸ್ಕೃತದ ಶಬ್ದಗಳು ಕನ್ನಡಿಗರ ಬಾಯಲ್ಲಿ ಹೇಗೆ ಮಾರ್ಪಟ್ಟವೆಂಬುದಕ್ಕೆ ಒಂದು ಪ್ರಕರಣವನ್ನೇ ಮೀಸಲಿಟ್ಟಿರುವನು. ‘ವೃಷಭ’ವು ‘ಬಸವ’ವಾದುದು ಇಂತಹ ದಾರಿಯಿಂದಲೇ. ಬಸವ ಎಂಬ ಹೆಸರು ಸಂಸ್ಕೃತದಿಂದ ಹೊರಟು ಪ್ರಾಕೃತವನ್ನು ಹಾದು ಕನ್ನಡಕ್ಕೆ ಬಂದಿತು. ಬಂದ ಮೇಲೆ ಅದು ಕನ್ನಡದ್ದಲ್ಲವೆಂದು ಹೇಳುವ ಧೈರ್ಯ ಯಾರಿಗಿದೆ? ಮೂಸಾ, ಯೂಸುಫ ಎಂಬವೂ ಅರಬ್ಬಿಗೆ ಹಾಗೆಯೇ ಬಂದುವು.

ಹೊರಟ ಊರು ಯಾವುದು? ಬಹುತೇಕ ಹೆಸರುಗಳಿಗೆ ಯಹೂದ್ಯರ ಹಿಬ್ರೂ ಭಾಷೆಯೇ ತವರು. ಹಿಬ್ರೂ, ಅರಬ್ಬಿಗಳು ಅಕ್ಕತಂಗಿಯರಂತಿರುವ ಭಾಷೆಗಳು. ಆದುದರಿಂದ ಕೆಲವು ಹೆಸರುಗಳ ಅರ್ಥ ಹೊಸ ಮನೆಯಲ್ಲಿಯೂ ಉಳಿಯಿತು, ಕೆಲವುಗಳದು ಹಾದಿಯಲ್ಲಿಯೇ ಕಳೆದುಹೋಯಿತು. ಇದಕ್ಕೆ ಇಬ್ರಾಹೀಮನ ಇಬ್ಬರು ಮಕ್ಕಳ ಹೆಸರುಗಳಿಗಿಂತ ಒಳ್ಳೆಯ ನಿದರ್ಶನವಿಲ್ಲ. ಆದುದರಿಂದ ಇಲ್ಲಿ ತುಸು ನಿಂತು ನೋಡತಕ್ಕದ್ದು.

ಹಿರಿಯ ಮಗನು ಇಸ್ಮಾಯೀಲ. ಹಿಬ್ರೂವಿನಲ್ಲಿ ‘ಯಿಶ್ಮಾ’ ಎಂದರೆ ಕೇಳುವನು, ‘ಏಲ್’ ಎಂದರೆ ದೇವರು. ದೇವರು ಕೇಳುವನು ಎಂದು ಹೆಸರಿನ ಅರ್ಥ. ಬೈಬಲಿನ ಕಥೆಯಂತೆ, ಮನೆಯ ಕಿರುಕುಳವನ್ನು ತಾಳಲಾರದೆ ಮರುಭೂಮಿಗೆ ಓಡಿದ ಬಸುರಿ ದಾಸಿ ಹಾಗರಳ ಗೋಳನ್ನು ದೇವರು ಕೇಳಿದುದರಿಂದ ಮಗುವಿಗೆ ಈ ಹೆಸರಾಯಿತು. ಕೇಳು ಎಂಬ ಧಾತುವು ಅರಬ್ಬಿಯಲ್ಲಿಯೂ ‘ಸ-ಮ-ಅ’ ಎಂಬ ಅದೇ ಅಕ್ಷರಗಳಿಂದ ಆದುದು. ದೇವರಿಗೆ ‘ಸಮೀ’, ಎಂದರೆ ಎಲ್ಲವನ್ನೂ ಕೇಳುವವನು, ಎಂಬ ನಾಮವುಂಟು. ಖುರಾನಿನ ಇಬ್ರಾಹೀಮ ಎಂಬ ಅಧ್ಯಾಯದಲ್ಲಿ ಮುದುಕನಾದ ತಂದೆಯು ತನಗೆ ಮಕ್ಕಳನ್ನು ಕೊಟ್ಟುದಕ್ಕಾಗಿ ದೇವರನ್ನು ಕೊಂಡಾಡುತ್ತ, ಅವನು ಪ್ರಾರ್ಥನೆಯನ್ನು ಕೇಳುವವನೆಂದು ಇದೇ ಧಾತುವಿನ ಶಬ್ದದಿಂದ ಕರೆಯುವನು. ಹೆಸರಿನ ಅರ್ಥವು ಅಲ್ಲಿ ಇನ್ನೂ ಉಸಿರಾಡುತ್ತಿದೆ.

ಕಿರಿಯ ಮಗನು ಇಸ್ಹಾಕ. ಹಿಬ್ರೂವಿನಲ್ಲಿ ಯಿತ್ಸ್‌ಹಾಕ, ಎಂದರೆ ನಗುವನು. ಮುಪ್ಪಿನಲ್ಲಿ ಮಗು ಹುಟ್ಟುವುದೆಂಬ ವಾರ್ತೆಯನ್ನು ಕೇಳಿ ತಾಯಿ ಸಾರಾ ನಕ್ಕಳಂತೆ. ನಗೆಯೇ ಮಗನ ಹೆಸರಾಯಿತು. ಖುರಾನಿನ ಹೂದ ಎಂಬ ಅಧ್ಯಾಯದಲ್ಲಿಯೂ ಈ ನಗೆ ಇದೆ. ಬಳಿಯಲ್ಲಿ ನಿಂತಿದ್ದ ಇಬ್ರಾಹೀಮನ ಪತ್ನಿ ನಗುವಳು, ಇಸ್ಹಾಕನ ಜನನದ ವಾರ್ತೆ ಬರುವುದು. ಆದರೆ ಅರಬ್ಬಿಯಲ್ಲಿ ನಗೆಗೆ ಬಳಸಿದ ಶಬ್ದವು ಇಸ್ಹಾಕನೆಂಬ ಹೆಸರಿನ ಧ್ವನಿಯನ್ನು ಹೋಲದು. ಆಕೆ ಏತಕ್ಕೆ ನಕ್ಕಳೆಂದು ಅರಬ್ಬೀ ವ್ಯಾಖ್ಯಾನಕಾರರು ಬಗೆಬಗೆಯಾಗಿ ವಿಚಾರಮಾಡಿರುವರು. ಹಿಬ್ರೂ ಬಲ್ಲವನಿಗೆ ಆ ನಗೆ ಹೆಸರಿನೊಳಗೇ ಕೇಳುವುದು. ಕಥೆ ಮರುಭೂಮಿಯನ್ನು ದಾಟಿ ಬಂದಿತು, ಶ್ಲೇಷೆ ಆಚೆಯ ದಡದಲ್ಲಿಯೇ ಉಳಿಯಿತು.

ತಂದೆಯ ಹೆಸರನ್ನು ಕುರಿತು ಹೇಳುವುದಾದರೆ, ಅಬ್ರಾಮ ಎಂದರೆ ಉನ್ನತನಾದ ತಂದೆ. ಅದು ಅಬ್ರಹಾಮ ಎಂದಾದಾಗ ಅನೇಕ ಜನಾಂಗಗಳ ತಂದೆ ಎಂದು ಬೈಬಲು ವಿವರಿಸುವುದು. ಭಾಷಾಶಾಸ್ತ್ರಜ್ಞರು ಆ ವಿವರಣೆಯನ್ನೂ ಒಂದು ಬಗೆಯ ಶಬ್ದಚಮತ್ಕಾರವೆಂದೇ ಎಣಿಸುವರು. ಹೇಗೂ ಇರಲಿ, ‘ಅಬ್’ ಎಂದರೆ ತಂದೆ ಎಂಬುದು ಸ್ಪಷ್ಟ. ಬ್ರಹ್ಮ ಎಂಬುದಾದರೋ ಬೆಳೆ, ಹಿಗ್ಗು ಎಂಬರ್ಥದ ಸಂಸ್ಕೃತದ ‘ಬೃಹ್’ ಧಾತುವಿನಿಂದ ಬಂದುದು. ಎರಡು ಶಬ್ದಗಳು ಕಿವಿಗೆ ಸಮೀಪವಾಗಿ ಕೇಳಿದ ಮಾತ್ರಕ್ಕೆ ಒಂದೇ ಬೇರಿನವಾಗಲಾರವು. ಅಲ್ಲಮನ ಹೆಸರಿನ ವಿಷಯದಲ್ಲಿ ಕನ್ನಡ ಲಿಪಿಯೇ ಮೋಸಗೊಳಿಸುವುದು. ಅರಬ್ಬಿಯಲ್ಲಿ ‘ಅಲ್ಲಾಹ’ ಎಂಬುದು ‘ದೇವರು’ ಎಂಬರ್ಥದ ‘ಇಲಾಹ’ ಶಬ್ದಕ್ಕೆ ಸಂಬಂಧಿಸಿದುದು. ಮಹಾವಿದ್ವಾಂಸನೆಂಬರ್ಥದ ‘ಅಲ್ಲಾಮಾ’ ಎಂಬುದು ಅರಿವು ಎಂಬರ್ಥದ ಬೇರೊಂದು ಧಾತುವಿನದು. ಅದರ ಮೊದಲ ಅಕ್ಷರವು ಕಂಠದ ಆಳದಿಂದ ಹೊರಡುವ ‘ಐನ್’. ಕನ್ನಡದಲ್ಲಿ ಎರಡನ್ನೂ ಒಂದೇ ಅಕಾರದಿಂದ ಬರೆಯುವುದರಿಂದ ಅವು ಒಡಹುಟ್ಟಿದವುಗಳಂತೆ ತೋರುತ್ತವೆ. ಅರಬ್ಬನ ಕಿವಿಗೆ ಅವು ಒಂದಕ್ಕೊಂದು ನೆರೆಯವೂ ಅಲ್ಲ. ಅಲ್ಲಯ್ಯನೆಂದೂ ಕರೆಯಿಸಿಕೊಂಡ ಕನ್ನಡದ ಪ್ರಭುದೇವನನ್ನು ಅವೆರಡರಲ್ಲಿ ಯಾವುದಕ್ಕೆ ಕಟ್ಟುವುದು? ಶೂನ್ಯಸಿಂಹಾಸನದ ಒಡೆಯನ ಮಹಿಮೆಗೆ ಇಂತಹ ಸಾಲದ ಒಡವೆ ಬೇಕಾಗಿಲ್ಲ.

ಹೀಗೆ ಹೋಲಿಕೆಯಿಂದ ಅರ್ಥವನ್ನು ಕಟ್ಟುವ ಚಾಪಲ್ಯವು ಕನ್ನಡಿಗರೊಬ್ಬರದೇ ಅಲ್ಲವೆನ್ನುವುದು ನ್ಯಾಯ. ಅರಬ್ಬರೂ ತಮಗೆ ಪರಕೀಯವಾದ ಹೆಸರುಗಳಿಗೆ ತಮ್ಮ ಭಾಷೆಯಲ್ಲಿಯೇ ಅರ್ಥವನ್ನು ಹುಡುಕಿರುವರು. ನೂಹ ಎಂಬುದಕ್ಕೆ ಹಿಬ್ರೂವಿನಲ್ಲಿ ವಿಶ್ರಾಂತಿಯ ಅರ್ಥವಿದ್ದರೆ, ಅರಬ್ಬಿಯಲ್ಲಿ ಅದು ಗೋಳಾಟವೆಂಬರ್ಥದ ಶಬ್ದವನ್ನು ಹೋಲುವುದರಿಂದ, ತನ್ನ ಜನರಿಗಾಗಿ ಅತ್ತವನೆಂಬ ವ್ಯಾಖ್ಯಾನವು ಬೆಳೆಯಿತು. ಇದ್ರೀಸ ಎಂಬುದನ್ನು ಅಧ್ಯಯನವೆಂಬರ್ಥದ ‘ದರ್ಸ’ಕ್ಕೆ ಹೊಂದಿಸಿ, ಮೊದಲು ಲೇಖನಿ ಹಿಡಿದವನೆಂದು ಅವನನ್ನು ಕೊಂಡಾಡಿದರು. ಆದಮನ ಹೆಸರಿನಲ್ಲಿ ಮಾತ್ರ ಎರಡು ಭಾಷೆಗಳೂ ಕೈಕೂಡಿಸಿವೆ. ಹಿಬ್ರೂವಿನ ‘ಅದಾಮಾ’ ಎಂದರೆ ಮಣ್ಣು. ಅರಬ್ಬರು ‘ಅದೀಮ’ ಎಂದರೆ ಭೂಮಿಯ ಮೇಲ್ಪದರವೆಂದು ಹೇಳುವರು. ಮಣ್ಣಿನಿಂದಾದವನು ಮಣ್ಣೆಂಬ ಹೆಸರಿನವನು. ಭಕ್ತಿಯು ಅರ್ಥವನ್ನು ಹುಡುಕುವುದು ಸಹಜ. ಅದನ್ನು ಚರಿತ್ರೆಯೆಂದು ನಂಬಿಸುವುದು ಮಾತ್ರ ಸಲ್ಲದು.

ಉಳಿದ ಹೆಸರುಗಳನ್ನು ಬೇಗನೆ ಹೇಳಬಹುದು. ಯಾಕೂಬನ ಹೆಸರಿನಲ್ಲಿ ಹಿಮ್ಮಡಿಯ ಅರ್ಥವುಂಟು; ಅವಳಿಗಳಲ್ಲಿ ಕಿರಿಯನಾದ ಅವನು ಅಣ್ಣನ ಹಿಮ್ಮಡಿಯನ್ನು ಹಿಡಿದು ಹುಟ್ಟಿದನೆಂದು ಕಥೆ. ಯೂಸುಫ ಎಂದರೆ ‘ಇನ್ನೂ ಸೇರಿಸಲಿ’ ಎಂದು. ಬಹುಕಾಲದ ಬಂಜೆತನದ ಅನಂತರ ಮಗನನ್ನು ಪಡೆದ ತಾಯಿ, ದೇವರು ಇನ್ನೊಬ್ಬನನ್ನು ಕೊಡಲೆಂದು ಬೇಡಿಕೊಂಡ ಮಾತು ಅದು. ದಾವೂದ ಎಂದರೆ ಪ್ರಿಯನಾದವನು. ಸುಲೇಮಾನನ ಹೆಸರಿನ ಮೂಲದಲ್ಲಿ ಶಾಂತಿಯೆಂಬರ್ಥವಿದೆ. ದಿನವೂ ಕೇಳುವ ‘ಸಲಾಂ’ ಎಂಬುದೂ, ‘ಇಸ್ಲಾಂ’ ಎಂಬ ಧರ್ಮದ ಹೆಸರೂ ಅದೇ ಧಾತುವಿನ ಬಳ್ಳಿಗಳು. ಜಕರಿಯಾ ಎಂದರೆ ದೇವರು ನೆನೆದನು. ಯೂನುಸನ ಮೂಲವಾದ ‘ಯೋನಾ’ ಎಂದರೆ ಪಾರಿವಾಳ. ಕೊನೆಯ ಸಕಾರವು ಗ್ರೀಕರ ಬಾಯಿಂದ ಅಂಟಿಕೊಂಡುದು, ಇಲ್ಯಾಸ ಎಂಬ ಹೆಸರಿನ ಸಕಾರವೂ ಹಾಗೆಯೇ. ಮೂಸಾನ ಹೆಸರಂತೂ ಹಿಬ್ರೂವಿಗಿಂತ ಹಿಂದಕ್ಕೆ ಹೋಗುವುದು. ನೀರಿನಿಂದ ಎಳೆದು ತೆಗೆದುದರಿಂದ ಆ ಹೆಸರೆಂದು ಬೈಬಲು ಹೇಳಿದರೂ, ಥುತ್ಮೋಸ ಎಂಬ ಈಜಿಪ್ತಿನ ಅರಸರ ಹೆಸರಿನಲ್ಲಿ ಬರುವ, ಹುಟ್ಟಿದ ಮಗು ಎಂಬರ್ಥದ ಶಬ್ದವೇ ಇದೆಂದು ಅನೇಕ ವಿದ್ವಾಂಸರ ಮತ. ಅರಸನ ದಬ್ಬಾಳಿಕೆಯನ್ನು ಮುರಿದವನು ಆ ಅರಸನ ಭಾಷೆಯ ಹೆಸರನ್ನೇ ಹೊತ್ತಿದ್ದನೆಂದಾಯಿತು.

ಇವುಗಳಲ್ಲಿ ದೇವರ ಹೆಸರು ಅಡಗಿರುವ ಬಗೆಯು ಲಿಂಗಾಯತರಿಗೆ ಅಪರಿಚಿತವಾದುದಲ್ಲ. ಸಂಗಪ್ಪ, ಗುರುಲಿಂಗಪ್ಪ, ಚನ್ನಮಲ್ಲಪ್ಪ ಎಂಬ ಹೆಸರುಗಳಲ್ಲಿ ದೈವವು ಒಳಗೆ ಕುಳಿತಿದೆ. ಮಗುವನ್ನು ಕೂಗಿದಾಗಲೆಲ್ಲ ಸ್ಮರಣೆಯೂ ನಡೆಯುವುದು. ಇಸ್ಮಾಯೀಲ, ಜಕರಿಯಾ, ಇಲ್ಯಾಸ ಎಂಬವೂ ಅಂತಹವೇ. ಮುಸಲ್ಮಾನರ ನಿತ್ಯದ ಹೆಸರುಗಳಲ್ಲಿ ಈ ಕೆಲಸವನ್ನು ‘ಅಬ್ದ’, ಎಂದರೆ ದಾಸ, ಎಂಬ ಶಬ್ದವು ಮಾಡುವುದು. ಅಬ್ದುಲ್ ಖಾದರ ಎಂದರೆ ಸರ್ವಶಕ್ತನ ದಾಸ. ಹಳ್ಳಿಯ ಜನರು ಉದ್ದವಾದ ಹೆಸರನ್ನು ಮೊಟಕುಮಾಡಿ ದಾಸನನ್ನು ಬಿಟ್ಟು ‘ಖಾದರಸಾಬ’ ಎಂದು ಕೂಗುವರು. ಸರ್ವಶಕ್ತನ ನಾಮವೇ ಹೊಲಕ್ಕೆ ಎತ್ತು ಹೊಡೆದುಕೊಂಡು ಹೋಗುವುದು! ಶಾಸ್ತ್ರಬಲ್ಲ ಮೌಲವಿಗಳು ಇದನ್ನು ಒಪ್ಪರು. ಹಳ್ಳಿಯು ಮೌಲವಿಗಳನ್ನು ಕೇಳಿ ಕೂಗುವುದಿಲ್ಲ.

ಒಂದೇ ಹೆಸರು ಎರಡು ಬಾಗಿಲುಗಳಿಂದ ಕನ್ನಡಕ್ಕೆ ಬಂದುದು ಇನ್ನೊಂದು ಸ್ವಾರಸ್ಯ. ಧಾರವಾಡಕ್ಕೆ 1837ರಲ್ಲಿ ಬಾಸೆಲ್ ಮಿಶನ್ನಿನವರು ಬಂದರು. ಕ್ರೈಸ್ತರ ಕನ್ನಡ ಬೈಬಲಿನಲ್ಲಿ ಮೋಶೆ, ದಾವೀದ, ಯೋಸೇಫ, ಯೋನ ಎಂದಿರುವವರೇ ಮುಸಲ್ಮಾನರ ಮೂಸಾ, ದಾವೂದ, ಯೂಸುಫ, ಯೂನುಸರು. ಯೇಸುವನ್ನು ಮುಸಲ್ಮಾನರು ಈಸಾ ಎನ್ನುವರು, ಅವನನ್ನು ಪೈಗಂಬರರಲ್ಲಿ ಎಣಿಸುವರು. ಅವನ ತಾಯಿ ಮರಿಯಮಳು ಖುರಾನಿನಲ್ಲಿ ಹೆಸರು ಹೇಳಿ ಸ್ಮರಿಸಿದ ಏಕೈಕ ಸ್ತ್ರೀ; ಒಂದು ಅಧ್ಯಾಯಕ್ಕೆ ಆಕೆಯ ಹೆಸರಿದೆ. ಈ ಸೀಮೆಯ ಮರಿಯಂಬಿಯೂ ಇಗರ್ಜಿಯ ಮರಿಯಮ್ಮನೂ ಒಬ್ಬಳೇ ತಾಯಿಯ ಹೆಸರಿನವರು.

ಇನ್ನು ಮುಹಮ್ಮದರ ಹೆಸರು. ‘ಹ-ಮ-ದ’ ಎಂಬ ಧಾತುವಿಗೆ ಸ್ತುತಿಸು, ಹೊಗಳು ಎಂದರ್ಥ. ಮುಹಮ್ಮದ ಎಂದರೆ ಮತ್ತೆ ಮತ್ತೆ ಸ್ತುತಿಸಲ್ಪಟ್ಟವನು. ಅಹಮದ, ಮಹಮೂದ, ಹಾಮಿದ ಎಂಬವೆಲ್ಲ ಇದರ ಕವಲುಗಳೇ. ವಿಶೇಷವೇನೆಂದರೆ, ಖುರಾನಿನ ಮೊದಲ ಅಧ್ಯಾಯವು ಸ್ತುತಿಯೆಲ್ಲವೂ ದೇವರಿಗೇ ಸಲ್ಲತಕ್ಕದ್ದೆಂದು ಇದೇ ಧಾತುವಿನ ‘ಹಮ್ದ’ ಶಬ್ದದಿಂದ ಸಾರುವುದು. ಬೀದರದಲ್ಲಿ ಮದರಸೆಯನ್ನು ಕಟ್ಟಿಸಿ, 1481ರಲ್ಲಿ ತನ್ನ ಸುಲ್ತಾನನ ಆಜ್ಞೆಯಿಂದಲೇ ಕೊಲ್ಲಲ್ಪಟ್ಟ ಮಂತ್ರಿ ಮಹಮೂದ ಗವಾನನ ಹೆಸರೂ ಈ ಬಳ್ಳಿಯದೇ. ಕಲಬುರಗಿಯಲ್ಲಿ 1422ರಲ್ಲಿ ಕಾಲವಾದ ಬಂದೇನವಾಜರ ಸ್ವಂತ ಹೆಸರು ಸೈಯದ ಮುಹಮ್ಮದ ಹುಸೇನಿ ಎಂದು. ಜನರ ಬಾಯಲ್ಲಿ ಉಳಿದುದು ಮಾತ್ರ ‘ಸೇವಕರಲ್ಲಿ ದಯೆಯುಳ್ಳವನು’ ಎಂಬರ್ಥದ ಬಿರುದು.

ಬಿಜಾಪುರದ ಸಿಂಹಾಸನವನ್ನು ನೋಡಿದರೆ ಅದು ಪೈಗಂಬರರ ನಾಮಾವಳಿಯಂತೆಯೇ ಕಾಣುವುದು. ಯೂಸುಫನಿಂದ ಮೊದಲಾದ ಆದಿಲಶಾಹಿ ವಂಶವು 1686ರವರೆಗೆ ಆಳಿತು. ಅದರ ಒಂಬತ್ತು ಮಂದಿ ಅರಸರಲ್ಲಿ ಯೂಸುಫ, ಇಸ್ಮಾಯೀಲ, ಇಬ್ಬರು ಇಬ್ರಾಹೀಮರು, ಮುಹಮ್ಮದ ಎಂದು ಐವರಿಗೆ ಪೈಗಂಬರರ ಹೆಸರುಗಳಿದ್ದುವು. ಇವರಲ್ಲಿ 1580ರಿಂದ 1627ರವರೆಗೆ ಆಳಿದ ಎರಡನೆಯ ಇಬ್ರಾಹೀಮನ ಕಾಲದಲ್ಲಿ ಧಾರವಾಡದ ಸೀಮೆಯೂ ಬಿಜಾಪುರದ ರಾಜ್ಯದಲ್ಲಿಯೇ ಇತ್ತು. ಸಂಗೀತದಲ್ಲಿ ಮುಳುಗಿದ್ದ ಈ ಅರಸನು ದಖ್ಖನಿಯಲ್ಲಿ ‘ಕಿತಾಬೆ ನೌರಸ’ ಎಂಬ ಗೇಯಕೃತಿಯನ್ನು ರಚಿಸಿ, ಅದರಲ್ಲಿ ಸರಸ್ವತಿ ಗಣಪತಿಗಳನ್ನೂ ಪೈಗಂಬರರನ್ನೂ ಬಂದೇನವಾಜರನ್ನೂ ಸ್ಮರಿಸಿರುವನು. ಪ್ರಜೆಗಳು ಅವನನ್ನು ‘ಜಗದ್ಗುರು’ ಎಂದು ಕರೆದರು. ಹಿಬ್ರೂವಿನ ‘ತಂದೆ’ಯೂ ಸಂಸ್ಕೃತದ ‘ಗುರು’ವೂ ಒಬ್ಬನೇ ಮನುಷ್ಯನ ಹೆಸರಿನಲ್ಲಿ ಕೂಡಿದ್ದು ಹೀಗೆ. ಇಲ್ಲಿ ಯಾರೂ ಧ್ವನಿಯ ಹೋಲಿಕೆಯನ್ನು ಹುಡುಕಲಿಲ್ಲ. ಜನರು ಕಂಡುದನ್ನು ತಮ್ಮ ಭಾಷೆಯಲ್ಲಿ ಕರೆದರು.

ಈ ನಾಡಿನ ನಿಜವಾದ ಸಂಬಂಧವು ಇಂತಹ ಕರೆಯುವಿಕೆಯಲ್ಲಿದೆ, ಶಬ್ದಗಳ ಕಾಲ್ಪನಿಕ ರಕ್ತಸಂಬಂಧದಲ್ಲಿ ಇಲ್ಲ. ಮಗು ಉಳಿಯಲೆಂದು ಪೀರರಿಗೆ ಹರಸಿಕೊಂಡ ಲಿಂಗವಂತ ತಾಯಿ ಮಗನನ್ನು ಫಕೀರಪ್ಪನೆಂದಳು, ಮಗಳನ್ನು ಫಕೀರವ್ವನೆಂದಳು. ಹುಸೇನಪ್ಪ, ಪೀರಪ್ಪ, ಮೌಲಪ್ಪ ಎಂಬ ಹೆಸರುಗಳೂ ಹಿಂದೂ ಮನೆಗಳಲ್ಲಿ ನಡೆದುಬಂದಿವೆ. ಅರಬ್ಬಿಯ ಶಬ್ದಕ್ಕೆ ಕನ್ನಡದ ‘ಅಪ್ಪ’ನನ್ನು ಸೇರಿಸುವಾಗ ಆಕೆ ಯಾವ ನಿಘಂಟನ್ನೂ ನೋಡಲಿಲ್ಲ. ಶಿಗ್ಗಾವಿ ತಾಲೂಕಿನ ಶಿಶುನಾಳದಲ್ಲಿ 1819ರಲ್ಲಿ ಹುಟ್ಟಿದ ಇಮಾಮ ಸಾಹೇಬರ ಮಗನ ಹೆಸರು ಮುಹಮ್ಮದ ಶರೀಫ. ಸ್ತುತ್ಯನೂ ಕುಲೀನನೂ ಎಂದು ಅದರ ಅರ್ಥ. ಕಳಸದ ಗೋವಿಂದಭಟ್ಟರು ಬ್ರಾಹ್ಮಣರಾಗಿದ್ದೂ ಅವನನ್ನು ಶಿಷ್ಯನನ್ನಾಗಿ ಅಂಗೀಕರಿಸಿದರು. 1889ರಲ್ಲಿ ಅವನು ಬಯಲಾದ ಮೇಲೆ ಜನರು ಅವನನ್ನು ‘ಶರೀಫ ಶಿವಯೋಗಿ’ ಎಂದು ಕರೆದರು. ತಂದೆ ಇಟ್ಟ ಹೆಸರನ್ನು ಅಳಿಸಿ ಬೇರೊಂದನ್ನು ಇಡಲಿಲ್ಲ. ಇದ್ದುದರ ಮುಂದೆ ತಮ್ಮದನ್ನು ಸೇರಿಸಿದರು.

ಶಿರಹಟ್ಟಿಯ ಫಕೀರೇಶ್ವರ ಮಠದ ಸಂಗತಿಯು ಇದಕ್ಕಿಂತಲೂ ಗಾಢವಾದುದು. ಆ ಮಠದ ಮೂಲಪುರುಷರು ಲಿಂಗವಂತ ದಂಪತಿಗಳಲ್ಲಿ ಹುಟ್ಟಿ, ಬಿಜಾಪುರದ ಖ್ವಾಜಾ ಅಮೀನುದ್ದೀನರ ಮಡಿಲಿಗೆ ಒಪ್ಪಿಸಲ್ಪಟ್ಟು ಅವರ ಕೃಪೆಯಲ್ಲಿ ಬೆಳೆದರೆಂದು ಪರಂಪರೆಯು ಹೇಳುವುದು. ಇಂದಿಗೂ ಆ ಪೀಠದ ಸ್ವಾಮಿಗಳ ಹೆಸರಿನ ಮೊದಲಿಗೆ ‘ಫಕೀರ’ ಎಂಬುದು ಸೇರಿರುವುದು. ‘ಫಕೀರ’ ಎಂದರೆ ಅರಬ್ಬಿಯಲ್ಲಿ ಬಡವನು, ಬೇಡುವ ಸ್ಥಿತಿಯಲ್ಲಿರುವವನು. ‘ಈಶ್ವರ’ ಎಂದರೆ ಒಡೆಯನು. ಬಡವನೂ ಒಡೆಯನೂ ಆದವನೆಂದು ಹೆಸರು. ಪರಸ್ಪರವಿರುದ್ಧವಾದ ಈ ಎರಡು ಶಬ್ದಗಳನ್ನು ಒಂದುಗೂಡಿಸಿದವರು ಯಾರೋ ತಿಳಿಯದು. ಜಂಗಮನನ್ನು ಭಿಕ್ಷೆಗೆ ಬಂದ ಪ್ರಭುವೆಂದು ಕಂಡ ಭಕ್ತರ ಕಣ್ಣು ಅದರ ಹಿಂದೆ ಇರುವುದು.

ಈ ಫಕೀರ ಶಬ್ದವನ್ನು ಖುರಾನಿನಲ್ಲಿ ಮೂಸಾ ತನ್ನನ್ನು ಕುರಿತು ತಾನೇ ಹೇಳಿಕೊಂಡಿರು‌ವನು. ಈಜಿಪ್ತಿನಿಂದ ತಲೆತಪ್ಪಿಸಿಕೊಂಡು ಓಡಿದ ಆತನು ಮದ್ಯನ ಎಂಬ ಊರಿನ ಬಾವಿಯ ಬಳಿಗೆ ಬಂದನು. ಕುರುಬರ ಗುಂಪಿಗೆ ಅಂಜಿ ತಮ್ಮ ಕುರಿಗಳನ್ನು ತಡೆದುಕೊಂಡು ದೂರದಲ್ಲಿ ನಿಂತಿದ್ದ ಇಬ್ಬರು ಹೆಣ್ಣುಮಕ್ಕಳನ್ನು ಕಂಡು, ಅವರ ಕುರಿಗಳಿಗೆ ನೀರು ಕುಡಿಸಿ, ನೆರಳಿಗೆ ಸರಿದು ಕುಳಿತನು. ಅಲ್ಲಿ ದೇವರನ್ನು ಕುರಿತು, ನೀನು ಏನು ಒಳ್ಳೆಯದನ್ನು ಇಳಿಸಿದರೂ ಅದಕ್ಕೆ ತಾನು ಫಕೀರನೆಂದು ಬಿನ್ನವಿಸಿಕೊಂಡನು. ಸ್ವಲ್ಪ ಹೊತ್ತಿಗೆ ಆ ಹೆಣ್ಣುಮಕ್ಕಳಲ್ಲಿ ಒಬ್ಬಳು ನಾಚಿಕೊಳ್ಳುತ್ತ ಬಂದು, ತಂದೆ ಕರೆಯುತ್ತಿರುವನೆಂದು ಆತನನ್ನು ಮನೆಗೆ ಕರೆದಳು. ಆ ತಂದೆಯ ಹೆಸರನ್ನು ಗ್ರಂಥವು ಅಲ್ಲಿ ಹೇಳುವುದಿಲ್ಲ. ಮುಸಲ್ಮಾನರಲ್ಲಿ ಅನೇಕರು ಅವನು ಶುಐಬನೆಂದು ನಂಬುವರು.